ಕಲ್ಲಿನ ಪುಡಿಯಲ್ಲಿ ಹೆಸರು

ಬಾಗಿಲು ತೆರೆದ ಕೂಡಲೇ ಬರಬೇಕಾಗಿದ್ದ ತಣ್ಣನೆಯ ಗಾಳಿ ಬರಲಿಲ್ಲ. ಮುಚ್ಚಿಟ್ಟ ಡಬ್ಬಿಯೊಳಗಿನ ಹಬೆಯಂಥದೊಂದು ಗಾಳಿ ಶರ್ವಾಣಿಯ ಮುಖಕ್ಕೆ ಬಡಿಯಿತು. ಸಂಶೋಧನಾ ಸಂಸ್ಥೆಯ ಗಿಡ ಬೆಳೆಸುವ ಕೋಣೆಯ ನೇರಳೆ ಬಣ್ಣದ ದೀಪಗಳು ಆರಿದ್ದವು. ಇಪ್ಪತ್ತೈದು ಡಿಗ್ರಿ ತೋರಿಸಬೇಕಿದ್ದ ಗೋಡೆಯ ಉಷ್ಣಮಾಪಕ ಮೂವತ್ತಾರು ತೋರಿಸುತ್ತಿತ್ತು.

"ಟ್ರಾನ್ಸ್‌ಫಾರ್ಮರ್ ಉಡ್ ಗಯಾ ಮ್ಯಾಡಮ್," ಎಂದ ಹಿಂದೆ ನಿಂತಿದ್ದ ಕಾವಲುಗಾರ. ಬೆಳಿಗ್ಗೆ ದೊಡ್ಡ ಸದ್ದಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟಿತಂತೆ, ಜನರೇಟರೂ ಎದ್ದಿಲ್ಲವಂತೆ, ಭಾನುವಾರವಾದ್ದರಿಂದ ಲೈನ್‌ಮನ್ ಬರುವುದು ಸಂಜೆಗಂತೆ.

ಅವಳು ಅದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಮೊಬೈಲಿನ ಬೆಳಕು ಹಿಡಿದು ಕುಂಡಗಳ ಮೇಲೆ ಬಗ್ಗಿದ್ದಳು. ಗೇಣುದ್ದವೂ ಇಲ್ಲದ ಹೆಸರುಕಾಳಿನ ಗಿಡಗಳು. ಹೊಲದಲ್ಲಾದರೆ ಈ ವಯಸ್ಸಿಗೆ ಮೊಣಕಾಲು ಮುಟ್ಟಿ, ಹಸಿರು ಕಪ್ಪಾಗಿ, ಮೈತುಂಬಿಕೊಂಡಿರುತ್ತಿದ್ದವು. ಇವು ಮಾತ್ರ ಕಾಯಿಲೆಯಿಂದ ಎದ್ದ ಮಕ್ಕಳ ಹಾಗೆ. ಎಲೆಯಂಚಿನಲ್ಲಿ ಕಂದು, ಕಾಂಡದಲ್ಲಿ ಕೆಂಪು. ಇವು ಬೆಳೆದದ್ದು ಮಣ್ಣಿನಲ್ಲಲ್ಲ. ವಿದರ್ಭದ ಕರಿಗಲ್ಲನ್ನೂ ತಮಿಳುನಾಡಿನ ಕಡೆಯಿಂದ ತರಿಸಿದ ಒಂದು ಜಾತಿಯ ಬಿಳಿಗಲ್ಲನ್ನೂ ಹಿಟ್ಟಿನಂತೆ ಬೀಸಿ, ಚಂದ್ರನ ನೆಲದ ಧೂಳು ಹೇಗಿದೆಯೋ ಹಾಗೆ ಹದ ಮಾಡಿದ ಪುಡಿಯಲ್ಲಿ. ಮೂರು ವರ್ಷಗಳಿಂದ ಬಿತ್ತಿದ್ದೆಲ್ಲ ಮೊಳೆಯುತ್ತಿತ್ತು, ನಾಲ್ಕೆಲೆ ಬಿಡುತ್ತಿತ್ತು, ಆಮೇಲೆ ಬೇರು ಮುರುಟಿಕೊಂಡು ಸಾಯುತ್ತಿತ್ತು. ಈ ಸಲ ಒಂಬತ್ತು ಗಿಡಗಳು ಬದುಕಿದ್ದವು. ಅವುಗಳಲ್ಲಿ ಎರಡು, ಮೊನ್ನೆ ಶುಕ್ರವಾರ, ಹಳದಿ ಹೂ ಬಿಟ್ಟಿದ್ದವು.

ಶುಕ್ರವಾರ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಉದುರುತ್ತದೆ ಎಂಬ ಹೆದರಿಕೆ. ವಿಜ್ಞಾನ ಓದಿದವಳಿಗೆ ಇಂಥ ಹೆದರಿಕೆ ಯಾಕೆ ಎಂದು ತನ್ನಷ್ಟಕ್ಕೆ ನಕ್ಕಿದ್ದಳು. ಈಗ ನಗು ಬರಲಿಲ್ಲ. ಬೆಂಗಳೂರಿನಲ್ಲಿ ಮೀಟಿಂಗಿಗೆ ಹೋಗಿದ್ದ ಕೃಷ್ಣಪ್ರಸಾದರಿಗೆ ಫೋನು ಮಾಡಿದಳು. ಯೋಜನೆಯ ಮುಖ್ಯಸ್ಥರು ಅವರೇ.

"ಗಾಬರಿ ಆಗ್ಬೇಡಿ ಶರ್ವಾಣಿ," ಎಂದರು ಅವರು ಮೈಸೂರಿನ ಮೆಲುದನಿಯಲ್ಲಿ. "ಹೊರಗೆ ತಗೊಂಡು ಹೋದ್ರೆ ಪ್ರಯೋಗದ ಲೆಕ್ಕ ಕೆಡುತ್ತೆ. ಆ ಗಿಡದ ಮೇಲೆ ಪ್ರಬಂಧ ಬರೆಯೋಕಾಗಲ್ಲ. ಆದ್ರೆ ಅಲ್ಲೇ ಬಿಟ್ರೆ ಗಿಡಾನೇ ಇರಲ್ಲ. ಒಂದು ಕಾಯಿ, ಬರೀ ಒಂದು ಕಾಯಿ ಸಿಕ್ಕಿದ್ರೆ ಆ ಬೀಜದಿಂದ ಮುಂದಿನ ತಲೆಮಾರು ಶುರು ಮಾಡ್ಬಹುದು. ಜುಲೈನಲ್ಲಿ ಪರಿಶೀಲನಾ ಸಮಿತಿ ಬರುತ್ತೆ. ತೋರಿಸೋಕೆ ಏನೂ ಇಲ್ದೆ ಹೋದ್ರೆ ಅವರು ಮುಚ್ಚಿಬಿಡ್ತಾರೆ. ನಿಮಗೆ ಗೊತ್ತಿರೋರ ಮನೆಯಲ್ಲಿ ಏಸಿ ಇದ್ಯಾ?"

"ನೋಡ್ತೀನಿ ಸರ್."

ಅವಳಿರುವ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲಿನಲ್ಲಿದ್ದುದು ಕೂಲರ್. ಹೊರಗೆ ನಲವತ್ತಾರು ಇದ್ದಾಗ ಅದು ಹಸಿ ಗೋಣಿಯ ವಾಸನೆಯನ್ನಷ್ಟೇ ಊದುತ್ತದೆ. ಜೊತೆಗೆ ಕೆಲಸ ಮಾಡುವ ಚಾರುಲತಾ ಮನೆಗೆ ಬೀಗ ಹಾಕಿ ತವರಿಗೆ ಹೋಗಿದ್ದಳು. ಹಣ್ಣಿಡುವ ತಂಪು ಗೋದಾಮು ನೆನಪಾಯಿತು. ಹಣ್ಣು ಮಾಗುವ ಗಾಳಿಗೆ ಹೂ ಉದುರುತ್ತದೆಂದು ಆ ಯೋಚನೆಯನ್ನು ಅಲ್ಲೇ ಬಿಟ್ಟಳು. ಹೀಗೆ ಒಂದೊಂದೇ ಬಾಗಿಲನ್ನು ಮನಸ್ಸಿನಲ್ಲಿ ತಟ್ಟಿ ಮುಚ್ಚುತ್ತ ಬಂದವಳಿಗೆ, ಯಾವ ಬಾಗಿಲನ್ನು ಮೊದಲಿನಿಂದಲೂ ತಟ್ಟದೆ ಸುತ್ತಿ ಹೋಗುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿತ್ತು. ಮಾರ್ಚಿನಲ್ಲಿ ಅಪ್ಪನ ಹೃದಯದ ಆಪರೇಶನ್ ಆದ ಮೇಲೆ ಬಜಾಜ್ ನಗರದ ಮನೆಯಲ್ಲಿ ಅವರ ಕೋಣೆಗೆ ಏಸಿ ಹಾಕಿಸಿದ್ದರು. "ಹಗಲು ರಾತ್ರಿ ಇಪ್ಪತ್ನಾಕರ ಮ್ಯಾಲೆ ಇಟ್ಟೇವಿ, ಡಾಕ್ಟರ್ ಹೇಳ್ಯಾರ," ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಅವ್ವ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು, ತರಕಾರಿ ತರಲು ಹೊರಗೆ ಬಂದಾಗ.

ಹಾಸ್ಟೆಲಿನಿಂದ ಆ ಮನೆಗೆ ನಡೆದು ಹೋಗುವಷ್ಟೇ ದೂರ. ಆ ದೂರ ನಡೆಯದೆ ಮೂರು ವರ್ಷವಾಗಿತ್ತು.

ಕಾರಣ, ಅವಳಿಗೆ ಗೊತ್ತುಮಾಡಿದ್ದ ಸೋಲಾಪುರದ ಹುಡುಗ. ನಿಶ್ಚಿತಾರ್ಥ ಮುಗಿದು, ಲಕ್ಷ್ಮೀ ನಗರದ ಸಭಾಭವನ ಗೊತ್ತಾಗಿ, ಗದಗಿನ ಕಡೆಯ ನೆಂಟರಿಗೆಲ್ಲ ಕರೆಯೋಲೆ ಹೋಗಿತ್ತು. ಅಷ್ಟರಲ್ಲಿ ಈ ಯೋಜನೆ ಮಂಜೂರಾಯಿತು. ಮದುವೆಯಾದ ಮೇಲೆ ಸೋಲಾಪುರದಲ್ಲೇ ಇರಬೇಕು, ಅಲ್ಲಿ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದರೆ ಸಾಕು ಎಂದ ಹುಡುಗನಿಗೆ ಶರ್ವಾಣಿ ತಾನೇ ಫೋನು ಮಾಡಿ ಆಗುವುದಿಲ್ಲ ಎಂದಳು. ಅಪ್ಪನಿಗೆ ಹೇಳಿದ್ದು ಆಮೇಲೆ. ಅಪ್ಪ ರಾಮಲಿಂಗಪ್ಪ ಕೂಗಾಡಲಿಲ್ಲ. ಕೇಂದ್ರ ಸರ್ಕಾರದ ರಸ್ತೆ ಇಲಾಖೆಯಲ್ಲಿ ಜೀವಮಾನ ಕಳೆದ ಮನುಷ್ಯ. ಕೊಟ್ಟ ಮಾತು ಎಂದರೆ ಹಾಕಿದ ರಸ್ತೆಯ ಹಾಗೆ, ತಿರುಗಿ ಅಗೆಯುವಂತಿಲ್ಲ ಎಂದು ತಿಳಿದವರು. ನೆಂಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಒಂದೇ ಮಾತು ಹೇಳಿದರು: "ಚಂದ್ರನ ಮ್ಯಾಲೆ ಬಿತ್ತಾಕಿಗೆ ಭೂಮಿ ಮ್ಯಾಲಿನ ಮನಿ ಯಾಕ ಬೇಕು?" ಅವಳು ಅದನ್ನು ಹೊರಗೆ ಹೋಗು ಎಂದೇ ತಿಳಿದುಕೊಂಡಳು. ಅವರು ಅದನ್ನು ತಿದ್ದಲಿಲ್ಲ.

ಆಟೋದ ಎರಡೂ ಬದಿಗೆ ಒದ್ದೆ ಚಾದರ ಕಟ್ಟಿ, ಎರಡು ಟ್ರೇಗಳನ್ನು ಸೀಟಿನ ಮೇಲಿಟ್ಟು, ತಾನು ಕೆಳಗೆ ಮಂಡಿಯೂರಿ ಕೂತಳು. ಬಿಸಿಲಿಗೆ ಬಿಳಿ ಪಂಚೆಯಿಂದ ಕಣ್ಣೊಂದು ಬಿಟ್ಟು ಮುಖವೆಲ್ಲ ಮುಚ್ಚಿಕೊಂಡಿದ್ದ ಆಟೋದವನು ತಿರುಗಿ ನೋಡಿ, "ನರ್ಸರಿ ಕಾ ಮಾಲ್ ಹೈ ಕ್ಯಾ? ಸೂಖ್ ಗಯೇ ಮ್ಯಾಡಮ್," ಎಂದ. ಒಣಗಿಲ್ಲ, ಇವು ಇರುವುದೇ ಹೀಗೆ ಎಂದು ಹೇಳಬೇಕೆನ್ನಿಸಿದರೂ ಅವಳು, "ಜಲ್ದಿ ಚಲೋ ಭೈಯಾ, ಬರೋಬರ್ ಚಲಾನಾ," ಎಂದಷ್ಟೇ ಅಂದಳು. ಬೇಗವೂ ಹೋಗಬೇಕು, ಕುಲುಕಲೂಬಾರದು. ರಸ್ತೆಯ ಗುಂಡಿ ಬಂದಲ್ಲೆಲ್ಲ ಅವಳೇ ಟ್ರೇಗಳನ್ನು ಎರಡು ಕೈಯಿಂದ ಎತ್ತಿ ಹಿಡಿಯುತ್ತಿದ್ದಳು. ಮೇ ಕೊನೆಯ ಒಂಬತ್ತು ದಿನ ಕಾಯುವ ನವತಪಾದ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಅಂಗಡಿಗಳು ಅರ್ಧ ಬಾಗಿಲೆಳೆದುಕೊಂಡಿದ್ದವು. ಅವಳು ನಡುನಡುವೆ ಚಾದರ ಸರಿಸಿ ಇನ್ನೆಷ್ಟು ದೂರವೆಂದು ನೋಡುತ್ತಿದ್ದಳು. ಅದು ಗಿಡಗಳಿಗಾಗಿಯೋ, ಎದುರಾಗಲಿರುವ ಬಾಗಿಲಿಗಾಗಿಯೋ ಅವಳಿಗೆ ಬಗೆಹರಿಯಲಿಲ್ಲ.

ಬಾಗಿಲು ತೆರೆದವಳು ಅವ್ವ. ಸಾವಿತ್ರೆವ್ವನ ಕಣ್ಣು ಮೊದಲು ಮಗಳ ಮುಖಕ್ಕೆ, ಆಮೇಲೆ ಟ್ರೇಗೆ, ಮತ್ತೆ ಮುಖಕ್ಕೆ ಹೋಯಿತು.

"ಅಯ್ಯ ನನ್ನವ್ವಾ! ಈ ಬಿಸಲಾಗ..."

"ಅವ್ವಾ, ನಮ್ಮಲ್ಲಿ ಕರೆಂಟ್ ಹೋಗೇತಿ. ಇವನ್ನ ಸಂಜೀತನಕ ಅಪ್ಪನ ಖೋಲ್ಯಾಗ ಇಡಬೇಕು. ನಾ ಬೇಕಾದ್ರ ಹೊರಗ ಕುಂದರ್ತೀನಿ."

"ಹೊರಗ ಯಾಕ ಕುಂದರ್ತಿ? ಒಳಗ ಬಾ ಮೊದಲ." ಸಾವಿತ್ರೆವ್ವ ಒಂದು ಟ್ರೇಯನ್ನು ಕಸಿದುಕೊಂಡೇ ಬಿಟ್ಟಳು. "ಇಷ್ಟ ಸಣ್ಣವು? ನಾ ಏನೋ ದೊಡ್ಡ ಗಿಡಾ ಅನ್ಕೊಂಡಿದ್ದೆ. ಇದರ ಸಲುವಾಗಿ..." ಎಂದು ಶುರು ಮಾಡಿ ತುಟಿ ಕಚ್ಚಿಕೊಂಡಳು.

ಅಣ್ಣ ಕೇದಾರನಾಥ ಪಡಸಾಲೆಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ಬ್ಯಾಂಕಿನಲ್ಲಿ ಮ್ಯಾನೇಜರ್ ಆದ ಮೇಲೆ ಅವನಿಗೆ ಯಾವ ವಿಷಯಕ್ಕೂ ಮುಖದಲ್ಲಿ ಏನನ್ನೂ ತೋರಿಸದ ಅಭ್ಯಾಸ ಬಂದಿತ್ತು. ತಂಗಿಯನ್ನು ನೋಡಿ ಎದ್ದು ನಿಂತ, ಕೂತ, ಮತ್ತೆ ಎದ್ದ.

"ಹೇಳಿ ಬರಬಾರದೇನು? ಅಪ್ಪಗ ಉದ್ವೇಗ ಆಗಬಾರದು ಅಂದಾರ."

"ಉದ್ವೇಗ ನನಗ ಆಗೇತಿ ಅಣ್ಣಾ. ಅವರಿಗೆ ಏನೂ ಹೇಳೂದಿಲ್ಲ ನಾ."

ಕೋಣೆ ತಣ್ಣಗಿತ್ತು. ಕಿಟಕಿಗೆ ಪರದೆ ಎಳೆದಿತ್ತು. ರಾಮಲಿಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಅಂಗಾತ ಮಲಗಿದ್ದರು. ಬನಿಯನ್ನಿನ ಕತ್ತಿನೊಳಗಿಂದ ಎದೆಯ ಹೊಲಿಗೆಯ ಗುರುತಿನ ತುದಿ ಕಾಣುತ್ತಿತ್ತು. ಇಷ್ಟು ಸಣ್ಣಗಾಗಿದ್ದಾರೆಂದು ಅವ್ವ ಹೇಳಿರಲಿಲ್ಲ. ಶರ್ವಾಣಿ ಸದ್ದಾಗದಂತೆ ಟ್ರೇಗಳನ್ನು ಕಿಟಕಿಯ ಕೆಳಗಿನ ಮೇಜಿನ ಮೇಲೆ ಇಳಿಸಿದಳು. ಪರದೆಯನ್ನು ಬೆಳಕು ಬರುವಷ್ಟು ಸರಿಸಿದಳು. ಬಾಟಲಿಯಿಂದ ಬಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಬೇರಿಗೆ ಬಿಟ್ಟಳು. ಎರಡು ಗಿಡಗಳು ಆಗಲೇ ತಲೆ ಚೆಲ್ಲಿದ್ದವು. ಹೂಗಳೆರಡೂ ಇದ್ದವು.

ಅವಳಿಗೆ ಕೂರಲಾಗಲಿಲ್ಲ. ಸ್ಟೂಲಿನ ಮೇಲೆ ಕೂತರೆ ಎದ್ದು ಎಲೆಯ ಬೆನ್ನು ನೋಡಬೇಕೆನ್ನಿಸುತ್ತಿತ್ತು. ನೋಡಿದರೆ ಅಪ್ಪನ ಉಸಿರು ಕೇಳಬೇಕೆನ್ನಿಸುತ್ತಿತ್ತು. ಕಾವಲುಗಾರನಿಗೆ ಫೋನು ಮಾಡಿದಳು. ಲೈನ್‌ಮನ್ ಬಂದಿರಲಿಲ್ಲ. ಅವ್ವ ತಂದುಕೊಟ್ಟ ಮಾವಿನಕಾಯಿ ಪನ್ಹೆಯ ತಣ್ಣನೆಯ ಲೋಟ ಕೈಯಲ್ಲೇ ಬೆಚ್ಚಗಾಯಿತು. ಈ ಮನೆಯಲ್ಲಿ ತನ್ನ ಕಾಲಿಗೆ ಯಾವ ಮೂಲೆ ಗೊತ್ತಿಲ್ಲ? ಆದರೂ ಎಲ್ಲಿ ಇಡಬೇಕೆಂದು ತಿಳಿಯದೆ ಅದೇ ನಾಲ್ಕು ಚಪ್ಪಡಿಯ ಮೇಲೆ ಓಡಾಡುತ್ತಿದ್ದಳು.

"ಅದರ ಮ್ಯಾಲೆ ಗಾಳಿ ಸೀದಾ ಬೀಳಾಕತ್ತೈತಿ."

ಅವಳು ತಿರುಗಿದಳು. ಅಪ್ಪ ಯಾವಾಗ ಈ ಕಡೆ ಹೊರಳಿದ್ದರೋ ಗೊತ್ತಾಗಿರಲಿಲ್ಲ. ಕಣ್ಣು ಅವಳ ಮೇಲಿರಲಿಲ್ಲ, ಗಿಡದ ಮೇಲಿತ್ತು. ಏಸಿಯ ಗಾಳಿಗೆ ಒಂದು ಸಾಲು ಎಲೆಗಳು ನಡುಗುತ್ತಿದ್ದುದು ನಿಜ. ಅವಳು ಟ್ರೇಯನ್ನು ಪಕ್ಕಕ್ಕೆ ಎಳೆದಳು.

"ಏನ ಮಣ್ಣ ಅದು?"

"ಮಣ್ಣಲ್ಲಪ್ಪಾ. ಕಲ್ಲಿನ ಪುಡಿ."

"ಕಲ್ಲಿನ ಪುಡಿ." ರಾಮಲಿಂಗಪ್ಪ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನೋಡಿದರು. "ಹುಲ್ಲ ಸೈತ ಹುಟ್ಟಬಾರದಂತನ ಅದನ್ನ ನಾವು ರೋಡಿಗೆ ಹಾಕೋದು."

"ಹೌದು."

"ಹುಟ್ಟೈತಲ್ಲ."

"ಹುಟ್ಟೈತಿ. ನಿಂದರೂದು ಕಷ್ಟ."

ಅವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಏಸಿ ಒಂದು ಸಲ ಗೊರಕೆ ಹೊಡೆದಂತೆ ಸದ್ದು ಮಾಡಿ ನಿಂತಿತು. ಪಡಸಾಲೆಯ ಫ್ಯಾನು ನಿಧಾನವಾಗಿ ಸುತ್ತು ಮುಗಿಸಿತು. ಹೊರಗೆ ಎಲ್ಲ ಮನೆಗಳ ಕೂಲರುಗಳು ಒಟ್ಟಿಗೆ ಬಾಯಿ ಮುಚ್ಚಿದವು. ಬೀದಿ ಒಮ್ಮೆಲೇ ಮೂಕವಾದ ಹಾಗಾಯಿತು.

ಮೊದಮೊದಲು ಬರುತ್ತದೆ ಎಂದು ಕಾದರು. ಕೇದಾರನಾಥ ವಿದ್ಯುತ್ ಕಚೇರಿಗೆ ಫೋನು ಮಾಡಿ ಮಾಡಿ ಸೋತ. ಕೊನೆಗೆ ಫೋನು ಎತ್ತಿದವರು, ಭೂಮಿಯೊಳಗಿನ ಕೇಬಲ್ ಸುಟ್ಟಿದೆ, ಇಡೀ ಪ್ರದೇಶಕ್ಕೇ ಇಲ್ಲ, ಎಷ್ಟು ಹೊತ್ತಾದೀತು ಹೇಳಲಾಗದು ಎಂದರು. ಇನ್ವರ್ಟರಿನಿಂದ ಫ್ಯಾನು ತಿರುಗಿತಾದರೂ ಅದು ಮಾಳಿಗೆಯ ಕಾವನ್ನು ಕೆಳಗೆ ತಳ್ಳುತ್ತಿತ್ತು, ಅಷ್ಟೇ. ತಂಪು ಗೋಡೆಗಳಿಂದ ಜಾರಿ ಹೋಗುವುದು ಕಣ್ಣಿಗೆ ಕಾಣುವಂತಿತ್ತು. ರಾಮಲಿಂಗಪ್ಪನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಉಸಿರಿನ ನಡುವೆ ಸಣ್ಣದೊಂದು ಸೀಟಿ ಕೇಳತೊಡಗಿತು.

"ಆಸ್ಪತ್ರಿಗೆ ಹೋಗೂಣು," ಎಂದ ಕೇದಾರನಾಥ.

"ಆಸ್ಪತ್ರಿ ಬ್ಯಾಡ. ಸಾಕಾಗೇತಿ ನನಗ ಅಲ್ಲೆ."

"ಹಂಗಾರ ಕಾರಿನ್ಯಾಗ ಏಸಿ ಹಚ್ಚಿ ಕುಂದರಸ್ತೀನಿ. ನಿಂತ ಕಾರಿನ್ಯಾಗ ತಂಪ ಹತ್ತೂದಿಲ್ಲ ಈ ಬಿಸಲಿಗೆ. ಸುತ್ತಾಡಸ್ತೀನಿ, ಕರೆಂಟ್ ಬರೂತನಕ. ಅವ್ವಾ, ನೀ ಹಿಂದ ಕುಂದ್ರು ಅವರ ಕೂಡ. ಗುಳಿಗಿ ತಗೊ."

ಶರ್ವಾಣಿ ಟ್ರೇಗೆ ಕೈ ಹಾಕಿದ್ದಳು. ಕೇದಾರನಾಥ ನೋಡಿದ. "ಅದು ಎಲ್ಲೆ ಇಡತಿ? ಸಣ್ಣ ಗಾಡಿ. ಮ್ಯಾಲೆ ಆ ಧೂಳಿ. ಅಪ್ಪಗ ಎದಿ ಕಟ್ಟತೈತಿ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೈ ತಾನಾಗಿ ಹಿಂದೆ ಬಂತು. ಒಂದು ಕ್ಷಣವೂ ತಡೆಯದೆ ಬಂತು ಎಂಬುದೇ ಅವಳಿಗೆ ಆಮೇಲೆ ಆಶ್ಚರ್ಯವಾದದ್ದು. ಅಪ್ಪನ ತೋಳಿಗೆ ತೋಳು ಕೊಟ್ಟು ಮೆಟ್ಟಿಲಿಳಿಸುವಾಗ, ಆ ತೋಳಿನಲ್ಲಿ ಎಲುಬು ಬಿಟ್ಟು ಬೇರೇನೂ ಕೈಗೆ ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಅವರನ್ನು ಕೂರಿಸಿ, ತಾನು ಮುಂದೆ ಕೂತು ಬಾಗಿಲೆಳೆದುಕೊಂಡಳು.

ಕಾರು ತಣ್ಣಗಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಜಾಜ್ ನಗರದ ತಿರುವು ದಾಟಿ ಮುಖ್ಯ ರಸ್ತೆಗೆ ಬಂದ ಮೇಲೆ ರಾಮಲಿಂಗಪ್ಪನ ಉಸಿರಿನ ಸೀಟಿ ಇಳಿಯಿತು. ಶರ್ವಾಣಿ ಮುಂದಿನ ಗಾಜಿನಲ್ಲೇ ಕಣ್ಣಿಟ್ಟಿದ್ದಳು. ಈಗ ಕೋಣೆ ಮೂವತ್ತೆರಡಾಗಿರುತ್ತದೆ. ಈಗ ಮೂವತ್ತನಾಲ್ಕು. ಬೆರಳುಗಳು ಸೀಟ್ ಬೆಲ್ಟಿನ ಅಂಚನ್ನು ಹಿಡಿದು ಎಳೆಯುತ್ತ ಬಿಡುತ್ತ ಇದ್ದವು.

"ಅವು ಎಲ್ಲೆದಾವ?" ಹಿಂದಿನಿಂದ ದನಿ ಬಂತು.

ಕೇದಾರನಾಥ ಏಸಿಯ ಗಾಳಿ ಹೆಚ್ಚಿಸಿದ.

"ಶರ್ವಾಣಿ, ನಿನ್ನನ್ನ ಕೇಳಾಕತ್ತೇನಿ."

ಮೂರು ವರ್ಷದ ಮೇಲೆ ಆ ಬಾಯಲ್ಲಿ ತನ್ನ ಹೆಸರು. "ಮನ್ಯಾಗ ಅದಾವಪ್ಪಾ. ಇರಲಿ ಬಿಡ್ರಿ."

"ಇರಲಿ ಅಂದ್ರ? ಸಾಯ್ತಾವಲ್ಲ."

"ಸತ್ರ ಸಾಯಲಿ. ನೀವು..."

"ಏನ ಸಾಯಲಿ?" ರಾಮಲಿಂಗಪ್ಪ ಮುಂದಿನ ಸೀಟಿನ ಬೆನ್ನು ಹಿಡಿದು ಎದ್ದು ಕೂರಲು ನೋಡಿದರು. ಸಾವಿತ್ರೆವ್ವ ಅವರ ಭುಜ ಒತ್ತಿದಳು. ಅವರು ಅದನ್ನು ಕೊಡವಿಕೊಂಡರು. "ಅದರ ಸಲುವಾಗಿ ನನ್ನ ಮಾತ ಮುರದಿ. ಮಂದ್ಯಾಗ ನನ್ನ ತಲಿ ತಗ್ಗಿಸಿದಿ. ಇರಲಿ, ಏನೋ ದೊಡ್ಡದ ಇರಬೇಕು, ಅದಕ್ಕ ಹಿಂಗ ಮಾಡ್ಯಾಳ ಅನ್ಕೊಂಡ ನಾ ಮೂರ ವರ್ಷ ಮಕ್ಕೊಂಡೇನಿ. ಈಗ ನನ್ನ ಸಲುವಾಗಿ ಅದನ್ನ ಬಿಟ್ಟ ಬರತಿ? ಹಂಗಾರ ಅದೂ ಹೋತು, ಇದೂ ಹೋತು. ಯಾತಕ್ಕ ಮಾಡಿದಿ ಅದನ್ನ? ಹೇಳ ನನಗ, ಯಾತಕ್ಕ ಮಾಡಿದಿ?"

"ಅಪ್ಪಾ, ಉದ್ವೇಗ ಮಾಡ್ಕೋಬ್ಯಾಡ್ರಿ," ಎಂದ ಕೇದಾರನಾಥ.

"ನೀ ಗಾಡಿ ತಿರುವು."

"ಜಾಗಾ ಇಲ್ಲಪ್ಪಾ..."

"ತಿರುವು ಅಂದ್ನಿ."

ಕೇದಾರನಾಥ ಕನ್ನಡಿಯಲ್ಲಿ ಅವ್ವನ ಮುಖ ನೋಡಿದ. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಕಾರು ತಿರುಗಿತು.

ಮನೆಯ ಮುಂದೆ ನಿಂತಾಗ ಮೊದಲು ಇಳಿದವಳು ಸಾವಿತ್ರೆವ್ವ. "ನಾ ಇಲ್ಲೇ ಇರತೀನಿ. ಬಾಜೂಮನಿ ಜಯಾನ ಹಂತ್ಯಾಕ ಕುಂದರ್ತೀನಿ, ಅವರ ಮನಿ ತಳಗಿನ ಖೋಲಿ ತಂಪ ಇರತೈತಿ. ಕರೆಂಟ್ ಬಂದ್ರ ಫೋನ ಮಾಡತೀನಿ." ಸೆರಗಿನಿಂದ ಕತ್ತು ಒರೆಸಿಕೊಂಡು, ಮಗಳ ಕಡೆ ನೋಡದೆಯೇ ಹೇಳಿದಳು: "ನನ್ನ ಜಾಗಾದಾಗ ನೀ ಕುಂದ್ರು. ನಿನ್ನ ಗಿಡಾನೂ ಹಿಡೀತಾವ."

ಶರ್ವಾಣಿ ಮೆಟ್ಟಿಲುಗಳನ್ನು ಓಡಿಯೇ ಹತ್ತಿದಳು. ಕೋಣೆಯ ಬಾಗಿಲು ತೆರೆದಾಗ, ಬೆಳಿಗ್ಗೆ ಮುಖಕ್ಕೆ ಬಡಿದ ಅದೇ ಗಾಳಿ. ಮೂರು ಗಿಡಗಳು ಪೂರಾ ಕುಸಿದಿದ್ದವು, ಕಾಂಡ ದಾರದ ಹಾಗೆ ಕುಂಡದಂಚಿನ ಮೇಲೆ ಬಿದ್ದಿತ್ತು. ಹೂವಿದ್ದ ಎರಡರಲ್ಲಿ ಒಂದು ಆ ಮೂರರಲ್ಲಿತ್ತು. ಸತ್ತವನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಉಳಿದ ಆರು ಕುಂಡಗಳನ್ನು ಒಂದೇ ಟ್ರೇಗೆ ಜೋಡಿಸಿದಳು. ಪುಡಿ ಹಾರದಂತೆ ಮೇಲೆ ಒದ್ದೆ ಹತ್ತಿ ಹಾಸಿದಳು. ಮೂರು ಹೋದವಲ್ಲ ಎಂದು ಅಳು ಬರಬೇಕಿತ್ತು, ಬರಲಿಲ್ಲ. ಅಪ್ಪ ಕೇಳಿದ ಪ್ರಶ್ನೆಯೊಂದೇ ತಲೆಯೊಳಗೆ ಕುದಿಯುತ್ತಿತ್ತು. ಯಾತಕ್ಕ ಮಾಡಿದಿ? ಸಮಿತಿಯವರು ಕೇಳಿದಾಗಲೆಲ್ಲ ಅವಳ ಬಳಿ ಉತ್ತರವಿತ್ತು. ಅಪ್ಪನಿಗೆ ಆ ಉತ್ತರ ಕೊಟ್ಟರೆ ಸುಳ್ಳು ಹೇಳಿದಂತಾಗುತ್ತದೆ ಎನ್ನಿಸಿತು.

ಹಿಂದಿನ ಸೀಟಿನಲ್ಲಿ ಅಪ್ಪ ಒಂದು ಬದಿ, ಅವಳು ಒಂದು ಬದಿ, ನಡುವೆ ಟ್ರೇ. ಕಾರು ಸಿವಿಲ್ ಲೈನ್ಸಿನ ಕಡೆ ಹೊರಟಿತು. ಅಲ್ಲಿ ರಸ್ತೆ ಅಗಲ, ಎರಡೂ ಕಡೆ ಹಳೆಯ ಬೇವಿನ ಮರಗಳು, ಭಾನುವಾರದ ಮಧ್ಯಾಹ್ನ ವಾಹನವೂ ಕಡಿಮೆ. ಕೋರ್ಟಿನ ಗೋಡೆ, ಸರ್ಕಾರಿ ಬಂಗಲೆಗಳ ಗೇಟುಗಳು, ಮತ್ತೆ ಕೋರ್ಟಿನ ಗೋಡೆ. ಒಂದು ಸುತ್ತಾಯಿತು. ಇನ್ನೊಂದು ಸುತ್ತು ಶುರುವಾಯಿತು. ಕೇದಾರನಾಥ ರೇಡಿಯೋ ಹಚ್ಚಿ, ಕೂಡಲೇ ಆರಿಸಿದ.

"ನಿನ್ನ ತಪ್ಪು ತಪ್ಪ," ಎಂದರು ರಾಮಲಿಂಗಪ್ಪ ಇದ್ದಕ್ಕಿದ್ದಂತೆ. "ಅದೇನ ಹೋಗಿಲ್ಲ."

"ಗೊತ್ತೈತಪ್ಪಾ."

"ಹೇಳಿ ಮಾಡಬೇಕಿತ್ತು. ನನಗ ಮೊದಲ ಹೇಳಬೇಕಿತ್ತು."

"ಹೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ." ಅವರು ಒಪ್ಪಿಕೊಂಡರು. ಮರಗಳ ಕಡೆ ಮುಖ ತಿರುಗಿಸಿದರು. "ಆಸ್ಪತ್ರ್ಯಾಗ ಕಾಚಿನ ಆಚೆ ಬಂದ ನಿಂತಿದ್ದಿ. ಒಳಗ ಬರಲಿಲ್ಲ."

ಶರ್ವಾಣಿಯ ಬೆನ್ನು ನೆಟ್ಟಗಾಯಿತು. ಅದನ್ನು ಅವಳು ಅವ್ವನಿಗೂ ಹೇಳಿರಲಿಲ್ಲ. ಆಪರೇಶನ್ ಆದ ಮರುದಿನ, ಕೈಯಲ್ಲಿ ಪಾಸು ಇದ್ದರೂ, ಗಾಜಿನ ಬಾಗಿಲಿಗೆ ಹಣೆ ತಾಗಿಸಿ ನಿಂತು, ಸಿಸ್ಟರ್ ಬಂದು ಒಳಗೆ ಹೋಗಿ ಎಂದ ಕೂಡಲೇ ಹೊರಟುಬಂದಿದ್ದಳು.

"ನಿದ್ದಿಯೊಳಗ ಇದ್ರಿ ನೀವು."

"ಕಣ್ಣ ಮುಚ್ಚಿದ್ದೆ. ನಿದ್ದಿ ಎಲ್ಲಿ ಬರತೈತಿ ಅಲ್ಲೆ? ನೀ ಒಳಗ ಬಂದ್ರ ಏನ ಮಾತಾಡೋದು ಅಂತ ಹೆದರಿಕಿ ಆತು ನನಗ. ಮುಚ್ಚೇ ಇಟ್ಟೆ. ತೆಗದ ನೋಡೂದರಾಗ ಹೋಗಿದ್ದಿ."

ಕಾರು ಒಂದು ಗುಂಡಿಗೆ ಇಳಿದು ಏರಿತು. ಕುಂಡಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ರಾಮಲಿಂಗಪ್ಪ ಎರಡೂ ಕೈ ಚಾಚಿ ಟ್ರೇಯನ್ನು ಹಿಡಿದರು. ಅವಳೂ ಹಿಡಿದಿದ್ದಳು. "ಸಾವಕಾಶ ಹೊಡಿಯೋ," ಎಂದು ಮಗನಿಗೆ ಗದರಿ, ಟ್ರೇಯನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೇಡಪ್ಪಾ, ಭಾರ ಎಂದಳು. ಅವರು ಕೇಳಿಸಿಕೊಳ್ಳಲಿಲ್ಲ. ಎಲೆಯನ್ನು ಮುಟ್ಟಲು ಬೆರಳು ಮುಂದೆ ತಂದು, ಮುಟ್ಟಬಹುದೇ ಎನ್ನುವ ಹಾಗೆ ಅವಳನ್ನು ನೋಡಿದರು. ಅವಳು ಮನೆಯ ಬಾಗಿಲು ದಾಟಿ ಬಂದಾಗಿನಿಂದ ಅವರು ಅವಳನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಅವಳು ತಲೆಯಾಡಿಸಿದಳು.

"ಬಿರುಸ ಐತಿ."

"ಉಪ್ಪ ಜಾಸ್ತಿ ಆ ಪುಡಿಯೊಳಗ. ಚಂದ್ರನ ಮ್ಯಾಲೆ ಗಾಳಿಯಿಲ್ಲ, ಮಳಿಯಿಲ್ಲ, ಒಂದ ಹುಳಾ ಸೈತ ಇಲ್ಲ. ಗಿಡಕ್ಕ ಯಾರೂ ಸಂಗಾತಿಲ್ಲ. ಅದಕ್ಕ ಮೈ ಗಟ್ಟಿ ಮಾಡ್ಕೊಂಡ ನಿಂತಿರತೈತಿ."

"ಹೂಂ," ಎಂದರು ರಾಮಲಿಂಗಪ್ಪ. ಆಮೇಲೆ ತಮ್ಮ ತೊಡೆಯ ಕಡೆ ನೋಡಿ, "ಇದು ಉದರಿತು ನೋಡು."

ಅವರ ಧೋತರದ ಮೇಲೆ ಹೆಬ್ಬೆಟ್ಟಿನ ಉಗುರಿಗಿಂತ ಸಣ್ಣದಾದ ಹಳದಿಯ ಒಂದು ಚೂರು ಬಿದ್ದಿತ್ತು. ಉಳಿದಿದ್ದ ಒಂದೇ ಹೂವು. ಶರ್ವಾಣಿ ಟ್ರೇಯ ಮೇಲೆ ಬಗ್ಗಿ, ಎಲೆಗಳನ್ನು ಸರಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಎಸಳು ಮಾತ್ರ ಹೋಗಿತ್ತು. ತೊಟ್ಟು ಗಿಡದಲ್ಲೇ ಇತ್ತು. ಅದರ ತುದಿಯಲ್ಲಿ ದಾರದೆಳೆಯಷ್ಟು ತೆಳ್ಳಗೆ ಹಸಿರಾದ ಏನೋ ಒಂದು. ಅಥವಾ ಕಾರಿನ ಬೆಳಕಿಗೆ ಹಾಗೆ ಕಾಣುತ್ತಿತ್ತೋ ಏನೋ.

"ಹೋತೇನು?" ಅಪ್ಪನ ದನಿಯಲ್ಲಿ ಅಪರಾಧಿಯೊಬ್ಬನ ಅಂಜಿಕೆಯಿತ್ತು. "ನಾ ಮುಟ್ಟಿದ್ದಕ್ಕ ಬಿತ್ತೇನು?"

"ಅಲ್ಲಪ್ಪಾ. ಕಾಯಿ ಹಿಡಿಯೂ ಮುಂದ ಎಸಳ ತಾನ ಉದರತೈತಿ. ತೊಟ್ಟ ಉಳದೈತಿ ನೋಡ್ರಿ. ಕಾಯಿ ಆಗಬಹುದು."

"ಆಗದನೂ ಇರಬಹುದು."

"ಇರಬಹುದು. ನಾಳಿ ನಾಡದ ಗೊತ್ತಾಗತೈತಿ."

ಅವರು ಆ ಎಸಳನ್ನು ಹೆಕ್ಕಿ ಎಲ್ಲಿಡಬೇಕೆಂದು ತೋಚದೆ ಅಂಗೈಯಲ್ಲೇ ಇಟ್ಟುಕೊಂಡರು. ಒಂದು ಕೈಯನ್ನು ಏಸಿಯ ಗಾಳಿ ಬರುವ ದಿಕ್ಕಿಗೆ ಕುಂಡದ ಮುಂದೆ ಅಡ್ಡ ಹಿಡಿದರು. ಹಾಗೆ ಹಿಡಿದೇ, ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಉಸಿರು ಒಂದೇ ಹದಕ್ಕೆ ಬಂತು. ಈ ಸಲ ನಿಜವಾದ ನಿದ್ದೆ. ಕೈ ಮಾತ್ರ ಇಳಿಯಲಿಲ್ಲ.

ಸಂಸ್ಥೆಯ ಕಾವಲುಗಾರನ ಫೋನು ಬಂದದ್ದು ಆಗ. ಲೈನ್‌ಮನ್ ಬೇಗ ಬಂದನಂತೆ, ಕರೆಂಟ್ ಬಂತಂತೆ, ಕೋಣೆ ತಣ್ಣಗಾಗುತ್ತಿದೆಯಂತೆ. ಅದರ ಬೆನ್ನಿಗೇ ಅವ್ವನದು: "ಇಲ್ಲೂ ಬಂತ ನೋಡು. ಏಸಿ ಹಚ್ಚೇನಿ. ಕರಕೊಂಡ ಬರ್ರಿ, ಚಾ ಮಾಡತೀನಿ."

ಕೇದಾರನಾಥ ಕಾರನ್ನು ಸಿಗ್ನಲ್ಲಿಗೆ ನಿಲ್ಲಿಸಿದ್ದ. ಬಿಸಿಲಿಗೆ ನಿಲ್ಲುವವರಿಗೆಂದು ನಗರಪಾಲಿಕೆಯವರು ರಸ್ತೆಯ ಮೇಲೆ ಅಡ್ಡಲಾಗಿ ಹಸಿರು ಬಲೆ ಕಟ್ಟಿದ್ದರು. ಅದರ ಕೆಳಗೆ ಮುಖ ಮುಚ್ಚಿಕೊಂಡ ಸ್ಕೂಟರಿನವರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ಅಪ್ಪನ ಮುಖವನ್ನೂ ಅವರ ಕೈಯನ್ನೂ ನೋಡಿ, ದನಿ ತಗ್ಗಿಸಿ ಕೇಳಿದ.

"ಯಾವ ಕಡೆ ಹೊರಳಲಿ? ಮೊದಲ ನಿಮ್ಮ ಲ್ಯಾಬಿಗೋ, ಮನಿಗೋ?"

ಶರ್ವಾಣಿ ಟ್ರೇಗೆ ಕೈ ಚಾಚಿ, ಅಪ್ಪನಿಗೆ ಎಚ್ಚರವಾದೀತೆಂದು ಹಿಂದೆ ತೆಗೆದಳು. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

"ಇನ್ನೊಂದ ಸುತ್ತ ಹೊಡಿ ಅಣ್ಣಾ," ಎಂದಳು.

ಕೇದಾರನಾಥ ಗೇರು ಹಾಕಿದ. ಕಾರು ಬಲೆಯ ಕೆಳಗಿನಿಂದ ನೇರವಾಗಿ ಹೊರಟಿತು. ಬಲೆಯ ನೆರಳು ಚೌಕ ಚೌಕವಾಗಿ ರಾಮಲಿಂಗಪ್ಪನ ಧೋತರದ ಮೇಲೆ, ಆರು ಗಿಡಗಳ ಕಂದು ಅಂಚಿನ ಎಲೆಗಳ ಮೇಲೆ, ಅಡ್ಡ ಹಿಡಿದ ಕೈಯ ಮೇಲೆ ಜಾರುತ್ತ ಹೋಯಿತು. ಆಮೇಲೆ ಮತ್ತೆ ಬೇವಿನ ಮರಗಳು ಬಂದವು.